ನೀವು ಮರೆತರೂ ಕಂಪ್ಯೂಟರ್ ಮರೆಯದು

ಕಳೆದ ತಿಂಗಳು ಚಾಮರಾಜಪೇಟೆಯಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ಮಗಳ ಹಳೆಯ ಲ್ಯಾಪ್‌ಟಾಪನ್ನು ಪಕ್ಕದ ಬೀದಿಯವರೊಬ್ಬರಿಗೆ ಮಾರುವ ಮಾತು ನಡೆದಿತ್ತು.

"ಫೋಟೋಗಳನ್ನೆಲ್ಲ ಅಳಿಸಿದ್ದೇನೆ ಖಾಲಾ, ಇನ್ನೇನೂ ಉಳಿದಿಲ್ಲ" ಎಂದಳು ಹುಡುಗಿ.

"ವೈ-ಫೈ ಪಟ್ಟಿ ನೋಡಿದೆಯಾ?" ಎಂದೆ.

ತೆರೆದು ನೋಡಿದರೆ 17 ಹೆಸರುಗಳು! ಸ್ವಂತ ಮನೆಯದು, ಬಸವನಗುಡಿಯ ಗೆಳತಿಯ ಮನೆಯದು, ಟ್ಯೂಷನ್ನಿನದು, ಹೋಟೆಲೊಂದರದು. ಪರೀಕ್ಷೆಯ ಹಿಂದಿನ ದಿನ ಇವರ ಇಂಟರ್‌ನೆಟ್ ಕೆಟ್ಟಾಗ ಗೋಡೆಯಾಚೆಯ ಮನೆಯವರು ನಂಬಿ ಕೊಟ್ಟಿದ್ದ ಸಂಪರ್ಕವೂ ಅದರಲ್ಲಿತ್ತು. ಅಕ್ಕನ ಮುಖ ಸಣ್ಣದಾಯಿತು.

ಒಮ್ಮೆ ಸೇರಿದ ಸಂಪರ್ಕದ ಹೆಸರು, ಪಾಸ್‌ವರ್ಡ್ ಎರಡನ್ನೂ ಕಂಪ್ಯೂಟರ್ ಉಳಿಸಿಕೊಳ್ಳುತ್ತದೆ. ಮತ್ತೆ ಮತ್ತೆ ಟೈಪ್ ಮಾಡುವ ಕಷ್ಟ ತಪ್ಪಲಿ ಎಂದೇ ಈ ವ್ಯವಸ್ಥೆ. ಆದರೆ ವಿಂಡೋಸ್ 11ರಲ್ಲಿ ಉಳಿದಿರುವ ಪಾಸ್‌ವರ್ಡನ್ನು ಸೆಟ್ಟಿಂಗ್ಸ್‌ನಲ್ಲೇ ತೆರೆದು ಓದಬಹುದು. ಗೋಡೆಗೆ ಗೋಡೆ ತಾಗಿರುವ ಹಳೆಯ ಪೇಟೆಗಳಲ್ಲಿ ಒಂದು ಮನೆಯ ವೈ-ಫೈ ಅಕ್ಕಪಕ್ಕದ ಮನೆಗಳಿಗೂ ಸಿಗುತ್ತದೆ. ಅದರ ಮೂಲಕ ಯಾರಾದರೂ ತಪ್ಪು ಕೆಲಸ ಮಾಡಿದರೆ ವಿಚಾರಣೆ ಮೊದಲು ಬರುವುದು ಸಂಪರ್ಕ ಪಡೆದವರ ಬಾಗಿಲಿಗೆ.

ಪಾಸ್‌ವರ್ಡ್ ಇಲ್ಲದ ಉಚಿತ ವೈ-ಫೈಯಲ್ಲಿ ಇನ್ನೊಂದು ಅಪಾಯವಿದೆ. 2014ರ ಜನವರಿಯಲ್ಲಿ ಬೆಂಗಳೂರಿನ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆ ಮುಂತಾದ ಕಡೆ 'ನಮ್ಮ ವೈ-ಫೈ' ಎಂಬ ಉಚಿತ ಸೇವೆ ಆರಂಭವಾಗಿತ್ತು. ಇಂಥ ತೆರೆದ ಸಂಪರ್ಕಗಳನ್ನು ಕಂಪ್ಯೂಟರ್ ಗುರುತಿಸುವುದು ಹೆಸರಿನಿಂದ. ವಂಚಕನೊಬ್ಬ ಅದೇ ಹೆಸರಿಟ್ಟು ಬೇರೆ ಸಂಪರ್ಕ ಹರಡಿದರೆ, ತಾನಾಗಿ ಸೇರಲು ಅನುಮತಿ ಇರುವ ಕಂಪ್ಯೂಟರ್ ನಿಮ್ಮನ್ನು ಕೇಳದೆಯೇ ಅದಕ್ಕೆ ಸೇರಿಬಿಡಬಹುದು.

ಅಳಿಸುವುದು ಸುಲಭ. ವಿಂಡೋಸ್ 10 ಅಥವಾ 11ರಲ್ಲಿ 'ಸೆಟ್ಟಿಂಗ್ಸ್' ತೆರೆಯಿರಿ. 'ನೆಟ್‌ವರ್ಕ್ ಅಂಡ್ ಇಂಟರ್‌ನೆಟ್', ನಂತರ 'ವೈ-ಫೈ', ಅಲ್ಲಿ 'ಮ್ಯಾನೇಜ್ ನೋನ್ ನೆಟ್‌ವರ್ಕ್ಸ್' ಒತ್ತಿ. ಬೇಡವಾದ ಹೆಸರಿನ ಮುಂದೆ 'ಫರ್ಗೆಟ್' ಒತ್ತಿದರೆ ಆ ಹೆಸರು, ಪಾಸ್‌ವರ್ಡ್ ಎರಡೂ ಹೋಗುತ್ತವೆ. ಉಚಿತ ವೈ-ಫೈ ಬಳಸುವಾಗ 'ಕನೆಕ್ಟ್ ಆಟೊಮ್ಯಾಟಿಕಲಿ' ಎಂಬಲ್ಲಿನ ಗುರುತು ತೆಗೆದುಬಿಡಿ.

ಲ್ಯಾಪ್‌ಟಾಪ್ ಮಾರುವುದಾದರೆ ಬೇಕಾದುದನ್ನು ಬೇರೆಡೆ ಉಳಿಸಿಕೊಂಡು, 'ರಿಸೆಟ್ ದಿಸ್ ಪಿಸಿ'ಯಲ್ಲಿ 'ರಿಮೂವ್ ಎವ್ರಿಥಿಂಗ್' ಆಯ್ದುಕೊಳ್ಳುವುದೇ ಉತ್ತಮ. ಅಳಿಸದೆ ಈಗಾಗಲೇ ಮಾರಿದ್ದೀರಾ? ಗಾಬರಿ ಬೇಡ. ಮನೆಯ ರೂಟರಿನ ಪಾಸ್‌ವರ್ಡ್ ಬದಲಿಸಿ. ಹಳೆಯದು ಆ ಕ್ಷಣದಿಂದ ಕೆಲಸಕ್ಕೆ ಬಾರದು. ಬೇರೆಯವರ ಪಾಸ್‌ವರ್ಡ್ ಅದರಲ್ಲಿದ್ದರೆ ಸಂಕೋಚಪಡದೆ ಅವರಿಗೂ ತಿಳಿಸಿ.

ಆ ಸಂಜೆ ಹುಡುಗಿ ಪಟ್ಟಿಯನ್ನು ಪೂರ್ತಿ ಖಾಲಿ ಮಾಡಿದಳು. ಮೊದಲು ಅಳಿಸಿದ್ದು ಗೋಡೆಯಾಚೆಯ ಮನೆಯದನ್ನು. ನೆರೆಯವರು ಕೊಟ್ಟ ಬೀಗದ ಕೈಯನ್ನು ನಾವು ಮಾರುವ ಪೆಟ್ಟಿಗೆಯೊಳಗೆ ಬಿಡುತ್ತೇವೆಯೇ? ಪಾಸ್‌ವರ್ಡ್ ಕೂಡ ಹಾಗೆಯೇ ಅಲ್ಲವೇ?