ಡಿಸೆಂಬರ್ 5 ಯಾಕೆ ಸುಮ್ಮನೆ ಕಳೆದುಹೋಗಬೇಕು?



ನವೆಂಬರ್ ಮುಗಿಯುವ ಹೊತ್ತಿಗೆ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ನಿರ್ಗಮನ ಪಥಸಂಚಲನದ ಚಿತ್ರಗಳು ಪತ್ರಿಕೆಗಳಲ್ಲಿ ಬರುತ್ತವೆ. ಪುಣೆಯಲ್ಲಿರುವ ನಾವು ಕನ್ನಡಿಗರು, ನಮ್ಮ ಕಡೆಯ ಹುಡುಗರು ಈ ಸಲ ಯಾರಿದ್ದಾರೆ ಎಂದು ಆಸೆಯಿಂದ ಹುಡುಕುತ್ತೇವೆ. ಅದಾಗಿ ವಾರ ಕಳೆಯುವುದರೊಳಗೆ ಡಿಸೆಂಬರ್ 5 ಬರುತ್ತದೆ. ಆ ಅಕಾಡೆಮಿಯಲ್ಲಿ ಕಲಿತವರಲ್ಲಿ ಮೊಟ್ಟಮೊದಲು ಪರಮವೀರ ಚಕ್ರ ಪಡೆದ ಕ್ಯಾಪ್ಟನ್ ಗುರುಬಚನ್ ಸಿಂಗ್ ಸಲಾರಿಯಾ ಆಫ್ರಿಕಾದ ಕಾಂಗೋದಲ್ಲಿ ಪ್ರಾಣ ಕೊಟ್ಟ ದಿನ ಅದು. ಅಂದು ಅವರ ಬಗ್ಗೆ ಕನ್ನಡದಲ್ಲಿ ಎರಡು ಸಾಲು ಕಂಡರೆ ಅದೇ ಹೆಚ್ಚು.

‘ಕಾಂಗೋ ನಮ್ಮ ಯುದ್ಧವಲ್ಲವಲ್ಲ’ ಎನ್ನುತ್ತಾರೆ ಕೆಲವರು. ಈ ಮಾತಿಗೇ ನನ್ನ ತಕರಾರು.

1960ರ ಜೂನ್ 30ರಂದು ಬೆಲ್ಜಿಯಂ ಆಳ್ವಿಕೆಯಿಂದ ಕಾಂಗೋ ಬಿಡುಗಡೆ ಪಡೆಯಿತು. ಎರಡು ವಾರವೂ ಕಳೆದಿರಲಿಲ್ಲ, ತಾಮ್ರ, ಕೋಬಾಲ್ಟ್, ಯುರೇನಿಯಂ ತುಂಬಿದ ಕಟಾಂಗಾ ಪ್ರಾಂತ್ಯ ತಾನೇ ಬೇರೆ ದೇಶವೆಂದು ಸಾರಿಕೊಂಡಿತು. ಅದರ ಬೆನ್ನಿಗೆ ಗಣಿ ಕಂಪನಿಯ ಹಣವಿತ್ತು, ವಿದೇಶಿ ಬಾಡಿಗೆ ಸೈನಿಕರಿದ್ದರು. ಕಾಂಗೋದ ಮೊದಲ ಪ್ರಧಾನಿ ಲುಮುಂಬಾ ಕೊಲೆಯಾದರು. ಆಗ ವಿಶ್ವಸಂಸ್ಥೆಯ ಕರೆಗೆ ಓಗೊಟ್ಟು ಭಾರತ ಸುಮಾರು 3,000 ಯೋಧರ ಬ್ರಿಗೇಡನ್ನು ಕಳಿಸಿತು. ಪರರ ಆಳ್ವಿಕೆಯನ್ನು ಉಂಡವರಿಗೆ, ಆಗಷ್ಟೇ ಬಿಡುಗಡೆಯಾದ ನಾಡನ್ನು ಅದರ ಸಂಪತ್ತಿಗಾಗಿ ಸೀಳುವುದನ್ನು ಸುಮ್ಮನೆ ನೋಡುತ್ತ ಕೂರಲು ಆಗುತ್ತಿತ್ತೇ? ಅದು ನಮ್ಮ ಯುದ್ಧವೂ ಆಗಿತ್ತು.

1961ರ ಡಿಸೆಂಬರ್ 5. ಇಂದು ಲುಬುಂಬಾಶಿ ಎನ್ನುವ ಎಲಿಜಬೆತ್‌ವಿಲ್ ನಗರದಲ್ಲಿ, ವಿಮಾನ ನಿಲ್ದಾಣದ ರಸ್ತೆಗೆ ಕಟಾಂಗಾ ಪಡೆ ಅಡ್ಡಗಟ್ಟಿ ಕುಳಿತಿತ್ತು. ಅದನ್ನು ತೆರವು ಮಾಡಲು ಹೊರಟ ಗೂರ್ಖಾ ಪಡೆಗೆ ಬೆಂಬಲವಾಗಿ ಸಲಾರಿಯಾ ಇನ್ನೊಂದು ಕಡೆಯಿಂದ ಹೋದರು. ಅವರ ಜೊತೆ ಇದ್ದವರು 16 ಗೂರ್ಖಾಗಳು. ಹಳೆಯ ವಿಮಾನ ನಿಲ್ದಾಣದ ಬಳಿ ಎದುರಾದವರು ಸುಮಾರು 90 ಮಂದಿ, ಜೊತೆಗೆ ಎರಡು ಶಸ್ತ್ರಸಜ್ಜಿತ ವಾಹನ. ರಾಕೆಟ್ ಲಾಂಚರ್‌ನಿಂದ ಎರಡನ್ನೂ ಒಡೆದು, ಶತ್ರು ಸಾವರಿಸಿಕೊಳ್ಳುವ ಮೊದಲೇ ಬಯನೆಟ್, ಕುಕ್ರಿ, ಗ್ರೆನೇಡ್ ಹಿಡಿದು ಮೇಲೆ ಬಿದ್ದರು. 40 ಮಂದಿ ಸತ್ತರು, ಉಳಿದವರು ಓಡಿದರು. ಕುತ್ತಿಗೆಗೆ ಗುಂಡು ತಗುಲಿದ್ದರೂ ಸಲಾರಿಯಾ ರಕ್ತ ಬಸಿದು ಕುಸಿಯುವವರೆಗೆ ಕಾದಾಡಿದರು. ಅವರಿಂದಾಗಿ ವಿಶ್ವಸಂಸ್ಥೆಯ ಕೇಂದ್ರಕ್ಕೆ ಬೀಳಲಿದ್ದ ಮುತ್ತಿಗೆ ತಪ್ಪಿತು. ಅವರಿಗೆ 26 ತುಂಬಿ ಆರು ದಿನವಾಗಿತ್ತು, ಅಷ್ಟೇ.

ಎರಡು ವಾರದಲ್ಲಿ ನಮ್ಮ ಸೇನೆ ಗೋವಾ ಬಿಡಿಸಿತು, ಮರುವರ್ಷ ಚೀನಾ ಯುದ್ಧ. ಕಾಂಗೋದ ಸುದ್ದಿ ಇವೆರಡರ ನಡುವೆ ಹೂತುಹೋಯಿತು. ಆಮೇಲೆ ಸಲಾರಿಯಾ ಹೆಸರನ್ನು ತೈಲ ಹಡಗೊಂದಕ್ಕೆ ಇಟ್ಟರು, 2023ರಲ್ಲಿ ಅಂಡಮಾನಿನ ದ್ವೀಪವೊಂದಕ್ಕೂ ಇಟ್ಟರು. ಸಂತೋಷವೇ. ಆದರೆ ಈ ಹುಡುಗ ಆಫ್ರಿಕಾಕ್ಕೆ ಯಾಕೆ ಹೋದ, ಯಾರನ್ನು ಉಳಿಸಲು ಸತ್ತ ಎಂದು ಮಕ್ಕಳಿಗೆ ಹೇಳದಿದ್ದರೆ ಆ ಹೆಸರು ಬರೀ ಫಲಕವಾಗಿ ಉಳಿಯುತ್ತದೆ. ಶಾಲೆಗಳಲ್ಲಿ ಪರಮವೀರ ಚಕ್ರದ 21 ಹೆಸರುಗಳನ್ನು ಬಾಯಿಪಾಠ ಮಾಡಿಸುತ್ತೇವೆ. ವಿಶ್ವಸಂಸ್ಥೆಯ ಸೇವೆಯಲ್ಲಿ ಅದನ್ನು ಪಡೆದವರು ಇವರೊಬ್ಬರೇ ಎಂದು ಎಷ್ಟು ಮಂದಿ ಹೇಳಿಕೊಡುತ್ತೇವೆ? ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ 1965ರಲ್ಲಿ ಸೈಪ್ರಸ್‌ನಲ್ಲಿ ಶಾಂತಿಪಡೆಯನ್ನು ಮುನ್ನಡೆಸುತ್ತಲೇ ತೀರಿಕೊಂಡಾಗ ಆ ಪುಟ್ಟ ದೇಶ ಅವರ ಅಂಚೆಚೀಟಿ ಹೊರಡಿಸಿತು. ಹೊರನಾಡಿನವರಿಗೆ ಇದ್ದ ಆ ನೆನಪು ನಮಗೂ ಇರಬೇಡವೇ?

ಸಲಾರಿಯಾ ನಮಗೆ ಪರಕೀಯರೂ ಅಲ್ಲ. 1946ರಲ್ಲಿ ಅವರು ಸೈನಿಕ ಶಿಕ್ಷಣಕ್ಕೆ ಮೊದಲು ಸೇರಿದ್ದು ಬೆಂಗಳೂರಿನ ಕಿಂಗ್ ಜಾರ್ಜ್ ಮಿಲಿಟರಿ ಕಾಲೇಜಿಗೆ, ಅಂದರೆ ಇಂದಿನ ರಾಷ್ಟ್ರೀಯ ಮಿಲಿಟರಿ ಶಾಲೆಗೆ. ಹೀಗಿರುವಾಗ ಕರ್ನಾಟಕದ ಶಿಕ್ಷಣ ಇಲಾಖೆ ಕಾಂಗೋದ ಈ ಕಥೆಯನ್ನು ಪಾಠವಾಗಿಸಲಿ. ಪುಣೆಯ ಕನ್ನಡ ಸಂಘಟನೆಗಳು ರಾಜ್ಯೋತ್ಸವದ ಸಡಗರ ಮುಗಿದ ಮೇಲೆ ಡಿಸೆಂಬರ್ 5ರ ಸಂಜೆಯನ್ನು ಇವರಿಗಾಗಿ ಮೀಸಲಿಡಲಿ. ತಮ್ಮ ಪತ್ರಿಕೆಯೂ ಮುಂದಿನ ವರ್ಷ ಪಥಸಂಚಲನದ ಚಿತ್ರಕ್ಕೆ ಕೊಟ್ಟಷ್ಟೇ ಜಾಗವನ್ನು ಇವರಿಗೂ ಕೊಡಬೇಕೆಂದು ಕೋರುತ್ತೇನೆ.

– ನಿವೃತ್ತ ಶಿಕ್ಷಕಿ, ಕೋಥ್ರೂಡ್, ಪುಣೆ