ಅಡಿಕೆ ಸುಗ್ಗಿಯಲ್ಲಿ ಮಗುವಿನ ನಿದ್ದೆ

ಬೇಸಾಯಶಾಸ್ತ್ರ ಓದಿದವನಿಗೆ ಮಗುವಿನ ನಿದ್ದೆಯ ಉಸಾಬರಿ ಏಕೆ ಎಂದು ಓದುಗರು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ನಾನಾಗಿ ಈ ವಿಷಯದ ಬೆನ್ನು ಹತ್ತಲಿಲ್ಲ. ಅದೇ ನನ್ನ ಬಳಿಗೆ ಬಂತು. ಯಲ್ಲಾಪುರ ತಾಲೂಕಿನ ಮಂಚೀಕೇರಿ ಕಡೆಯ ಒಂದು ತೋಟದಲ್ಲಿ ಅಡಿಕೆಯ ನಡುವೆ ಬೆಳೆದ ಜಾಯಿಕಾಯಿ ಮತ್ತು ಕಾಳುಮೆಣಸನ್ನು ನೋಡಲು ಸುಗ್ಗಿಯ ಕಾಲದಲ್ಲಿ ಹೋಗಿದ್ದೆ. ಕತ್ತಲಾದ್ದರಿಂದ ಆ ರಾತ್ರಿ ಅಲ್ಲಿಯೇ ಉಳಿದೆ.

ಊಟವಾದ ಮೇಲೆ ಜಗಲಿಯಲ್ಲಿ ಅಡಿಕೆ ಸುಲಿಯುವ ಕೆಲಸ ಆರಂಭವಾಯಿತು. ಹತ್ತು ಹನ್ನೆರಡು ಜನ ಮೆಟ್ಟುಗತ್ತಿ ಹಾಕಿಕೊಂಡು ಕುಳಿತರು. ತಲೆಯ ಮೇಲೆ ದೊಡ್ಡ ಎಲ್ಇಡಿ ದೀಪ, ಮೂಲೆಯಲ್ಲಿ ಮೊಬೈಲಿನ ಹಾಡು, ಹರಟೆ, ನಗು. ಇವುಗಳ ನಡುವೆ ಎರಡು ವರ್ಷದ ಒಂದು ಹುಡುಗ ಅಡಿಕೆ ರಾಶಿಯ ಮೇಲೆ ಹತ್ತುತ್ತ, ಇಳಿಯುತ್ತ, ಬೀಳುತ್ತ, ಅಳುತ್ತ ಇದ್ದ. ಗಂಟೆ ಹತ್ತಾಯಿತು, ಹತ್ತೂವರೆಯಾಯಿತು. ಸೊಸೆ ಕೈಲಿದ್ದ ಕೆಲಸ ಬಿಟ್ಟು ಅವನನ್ನು ಜೋಲಿಗೆ ಹಾಕಿ ತೂಗಿದಳು. ಮಲಗಿದ. ಹನ್ನೆರಡಕ್ಕೆ ಎದ್ದ. ಮತ್ತೆ ತೂಗಿದ್ದಾಯಿತು. ಎರಡಕ್ಕೆ ಎದ್ದ. ಬೆಳಿಗ್ಗೆ ಚಾ ಕೊಡುವಾಗ ಆಕೆ, “ಡಾಕ್ಟ್ರೇ, ನಮ್ಮ ಮಾಣಿ ರಾತ್ರಿ ಸರಿಯಾಗಿ ಮಲಗೋದೇ ಇಲ್ಲ. ಏನಾದ್ರೂ ಔಷಧ ಇದ್ಯಾ?” ಎಂದು ಕೇಳಿದಳು. ನಾನು ಗಿಡದ ಡಾಕ್ಟರು ಎಂದೆ. ಅಷ್ಟರಲ್ಲಿ ಅಜ್ಜಿ ಒಳಗಿನಿಂದ, “ಔಷಧ ಎಂತಕ್ಕೆ, ಇವತ್ತಿಂದ ಜಾಯಿಕಾಯಿ ತೇಯ್ದು ಹಾಲಲ್ಲಿ ಕೊಡ್ತೆ” ಎಂದರು. ಹಿಂದಿನ ದಿನ ನಾನು ಹೊಗಳಿ ಬಂದಿದ್ದ ಮರದ್ದೇ ಜಾಯಿಕಾಯಿ! ಸುಮ್ಮನಿರಲು ಆಗಲಿಲ್ಲ. ಊರಿಗೆ ಮರಳಿದ ಮೇಲೆ ಮಕ್ಕಳ ವೈದ್ಯರಾದ ಸ್ನೇಹಿತರನ್ನು ಕೇಳಿ, ಓದಿ, ನನ್ನ ಶಾಸ್ತ್ರದ ತಿಳಿವನ್ನೂ ಸೇರಿಸಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಜಾಯಿಕಾಯಿಯ ಮಾತು. ಇದರಲ್ಲಿ ಮಿರಿಸ್ಟಿಸಿನ್ ಎಂಬ ವಸ್ತುವಿದೆ. ಅಡಿಗೆಗೆ ಚಿಟಿಕೆಯಷ್ಟು ಬಿದ್ದರೆ ತೊಂದರೆಯಿಲ್ಲ. ಪ್ರಮಾಣ ಮೀರಿದರೆ ಬಾಯಿ ಒಣಗುವುದು, ಎದೆ ಬಡಿತ ಏರುವುದು, ಕಳವಳ, ಮಂಪರು ಕಾಣಿಸುತ್ತವೆ. ಗಂಧದ ಕಲ್ಲಿನ ಮೇಲೆ ಎಷ್ಟು ಸುತ್ತು ತೇಯ್ದರೆ ಎಷ್ಟು ಇಳಿಯುತ್ತದೆಂದು ಯಾರೂ ಅಳೆದಿಲ್ಲ. ಒಂದು ಕಾಯಿಯಂತೆ ಇನ್ನೊಂದು ಇರುವುದಿಲ್ಲ. ಸಾಲದ್ದಕ್ಕೆ, ಸರಿಯಾಗಿ ಒಣಗದ ಜಾಯಿಕಾಯಿಯಲ್ಲಿ ಬೂಷ್ಟು ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷ ಸೇರುವುದುಂಟು. ಮಾರಾಟಕ್ಕೆ ಒಳ್ಳೆಯದನ್ನು ಆರಿಸಿ ಕಳಿಸಿ, ಮುಕ್ಕಾದದ್ದನ್ನು ಮನೆಗೆ ಇಟ್ಟುಕೊಳ್ಳುವ ನಮ್ಮ ಪದ್ಧತಿಯನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಅಜ್ಜಿಯಂದಿರ ಅನುಭವದ ಮೇಲೆ ನನಗೆ ಗೌರವವಿದೆ. ಆದರೆ ಈ ಒಂದು ವಿಷಯದಲ್ಲಿ ಅವರ ಮಾತು ಕೇಳಬೇಡಿರೆಂದೇ ಹೇಳುತ್ತೇನೆ. ಗಸಗಸೆಗೂ ಇದೇ ಮಾತು.

ಅಂಗಡಿಯಿಂದ ತಂದ ನೆಗಡಿಯ ಔಷಧವನ್ನು ನಿದ್ದೆ ಬರಲೆಂದು ಕುಡಿಸುವವರೂ ಇದ್ದಾರೆ. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಕೂಡಿದ ಔಷಧವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬಳಸಬಾರದೆಂದು ಸೀಸೆಯ ಮೇಲೆಯೇ ಮುದ್ರಿಸಬೇಕೆಂದು ಕೇಂದ್ರದ ಔಷಧ ನಿಯಂತ್ರಣಾಧಿಕಾರಿ 2023ರ ಡಿಸೆಂಬರಿನಲ್ಲಿ ಆದೇಶಿಸಿದ್ದಾರೆ. ಮಧ್ಯಪ್ರದೇಶದಲ್ಲಿ ಕಲಬೆರಕೆಯ ಕೆಮ್ಮಿನ ಸಿರಪ್ಪಿನಿಂದ ಮಕ್ಕಳು ಸತ್ತ ಮೇಲೆ, 2025ರ ಅಕ್ಟೋಬರಿನಲ್ಲಿ, ಎರಡು ವರ್ಷದೊಳಗಿನವರಿಗೆ ಕೆಮ್ಮು ನೆಗಡಿಯ ಔಷಧ ಬರೆದುಕೊಡಬಾರದೆಂಬ ಸೂಚನೆಯೂ ಹೊರಟಿತು.

ಹಾಗಾದರೆ ಮಗು ಮಲಗದಿರಲು ಕಾರಣವೇನು? ನನ್ನ ದೃಷ್ಟಿಯಲ್ಲಿ ದೋಷ ಮಗುವಿನಲ್ಲಿಲ್ಲ, ಜಗಲಿಯಲ್ಲಿದೆ. ಚಿಕ್ಕಬಳ್ಳಾಪುರ, ಕೋಲಾರ ಕಡೆ ಸೇವಂತಿಗೆ ಬೆಳೆಯುವವರು ರಾತ್ರಿ ಹೊಲದಲ್ಲಿ ಸಾಲು ದೀಪ ಉರಿಸುವುದನ್ನು ನಮ್ಮ ರೈತರಲ್ಲಿ ಕೆಲವರಾದರೂ ನೋಡಿರಬಹುದು. ಸೇವಂತಿಗೆ ದೀರ್ಘ ಕತ್ತಲೆ ಸಿಕ್ಕರೆ ಮಾತ್ರ ಹೂ ಬಿಡುವ ಗಿಡ. ದೀಪ ಉರಿಸಿದರೆ ಇನ್ನೂ ರಾತ್ರಿಯಾಗಿಲ್ಲವೆಂದು ತಿಳಿದು ಬರೇ ಎಲೆ ಬಿಡುತ್ತ ನಿಲ್ಲುತ್ತದೆ. ಮಗುವಿನ ಮೈಯಲ್ಲೂ ಇಂಥದೇ ಗಡಿಯಾರವಿದೆ. ಕತ್ತಲಾಗುತ್ತಿದ್ದಂತೆ ಮಿದುಳಿನಲ್ಲಿ ಮೆಲಟೋನಿನ್ ಎಂಬ ರಸ ಏರಿ ನಿದ್ದೆಗೆ ಅಣಿ ಮಾಡುತ್ತದೆ. ಬೆಳಕು ಅದನ್ನು ತಡೆಯುತ್ತದೆ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಒಂದು ಚಿಕ್ಕ ಪ್ರಯೋಗದಲ್ಲಿ, ಮೂರರಿಂದ ಐದು ವರ್ಷದ ಮಕ್ಕಳನ್ನು ಮಲಗುವ ಹೊತ್ತಿಗೆ ಮುಂಚಿನ ಒಂದು ಗಂಟೆ ಪ್ರಖರ ಬೆಳಕಿನಲ್ಲಿ ಆಡಿಸಿದಾಗ, ಈ ರಸ ಶೇ. 88ರಷ್ಟು ಕುಸಿದಿತ್ತು. ದೀಪ ಆರಿಸಿ 50 ನಿಮಿಷ ಕಳೆದರೂ ಹೆಚ್ಚಿನ ಮಕ್ಕಳಲ್ಲಿ ಅದು ಚೇತರಿಸಿಕೊಂಡಿರಲಿಲ್ಲ. ಸುಲಿತದ ಜಗಲಿಯಲ್ಲಿ ಹತ್ತೂವರೆಯವರೆಗೆ ಆಡಿದ ಹುಡುಗ ಜೋಲಿಗೆ ಬೀಳುವಾಗ ಅವನ ಮೈಗೆ ಇನ್ನೂ ಸಂಜೆ. ಮೊಬೈಲು ಕೊಟ್ಟು ಸುಮ್ಮನಿರಿಸಿದರೆ ಕಣ್ಣಿಗೆ ಇನ್ನೂ ಹತ್ತಿರದಿಂದ ಬೆಳಕು.

ಒಂದರಿಂದ ಎರಡು ವರ್ಷದ ಮಗುವಿಗೆ ಹಗಲಿನದೂ ಸೇರಿ ದಿನಕ್ಕೆ 11ರಿಂದ 14 ಗಂಟೆ, ಮೂರು ನಾಲ್ಕು ವರ್ಷದವರಿಗೆ 10ರಿಂದ 13 ಗಂಟೆ ನಿದ್ದೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಎಂಟರ ಸುಮಾರಿಗೆ ಮಲಗಿದರೆ ಮಾತ್ರ ಈ ಲೆಕ್ಕ ಕೂಡುತ್ತದೆ. ಹಗಲು ನಿದ್ದೆ ಮಧ್ಯಾಹ್ನ ಮೂರೂವರೆಯೊಳಗೆ ಮುಗಿಯಲಿ. ಆರಂಭದಲ್ಲಿ ಎಂಟಕ್ಕೇ ಮಲಗಿಸಲು ಹೋಗಿ ಸೋಲಬೇಡಿ. ಎರಡು ಮೂರು ದಿನಕ್ಕೊಮ್ಮೆ ಕಾಲು ಗಂಟೆ ಹಿಂದೆ ತನ್ನಿ, ಬೆಳಿಗ್ಗೆ ಏಳಿಸುವ ಹೊತ್ತನ್ನೂ ಗೊತ್ತು ಮಾಡಿ ಬೆಳಕಿಗೆ ಕರೆತನ್ನಿ. ಬಿಸಿನೀರ ಸ್ನಾನ, ಊಟ, ಮಂದ ದೀಪ, ಒಂದು ಕತೆ ಅಥವಾ ಜೋಗುಳ, ಇವು ದಿನವೂ ಅದೇ ಕ್ರಮದಲ್ಲಿ ಬರಲಿ. ಸಂಜೆಯ ಚಾ ಮಕ್ಕಳಿಗೆ ಬೇಡವೇ ಬೇಡ. ಹಾಲು ಹಾಕಿದ ಕೊತ್ತಂಬರಿ-ಜೀರಿಗೆ ಕಷಾಯ ಮಲೆನಾಡಿನ ಮನೆಮನೆಯಲ್ಲಿರುವಾಗ ಎರಡು ವರ್ಷದವನಿಗೆ ಚಾ ಏಕೆ ಬೇಕು?

ತೂಗುವ ವಿಚಾರ ಸ್ವಲ್ಪ ನಾಜೂಕಿನದು. ನಾವು ಒಂದೇ ಸಮನೆ ಮಲಗುತ್ತೇವೆಂದು ತಿಳಿಯುವುದು ತಪ್ಪು. ಗಂಟೆಗೊಮ್ಮೆ ಎಂಬಂತೆ ನಿದ್ದೆ ತೆಳುವಾಗುತ್ತದೆ. ಮಕ್ಕಳು ಆಗ ಕಣ್ಣು ಬಿಟ್ಟು, ಎಲ್ಲವೂ ಮೊದಲಿನಂತೆಯೇ ಇದ್ದರೆ ಮಗ್ಗುಲಾಗಿ ಮಲಗುತ್ತಾರೆ. ಮಲಗುವಾಗ ಜೋಲಿ ತೂಗುತ್ತಿತ್ತು, ಎದ್ದಾಗ ನಿಂತಿದೆ ಎಂದರೆ ಅಳುತ್ತಾರೆ. ಬಾಸ್ಟನ್ನಿನ ವೈದ್ಯ ರಿಚರ್ಡ್ ಫರ್ಬರ್ 1985ರಲ್ಲಿ ಈ ಬಗ್ಗೆ ಹೆಸರುವಾಸಿಯಾದ ಪುಸ್ತಕವೊಂದನ್ನು ಬರೆದರು. ಅವರ ಕ್ರಮದಲ್ಲಿ ಮಗುವನ್ನು ಅದರ ಹಾಸಿಗೆಯಲ್ಲಿ ಬಿಟ್ಟು ಹೊರಬಂದು, ಅತ್ತರೆ ಹೆಚ್ಚು ಹೆಚ್ಚು ಹೊತ್ತು ತಡೆದು ಒಳಗೆ ಹೋಗಬೇಕು. ಕಾರಣ ಹೇಳಿದ್ದು ಸರಿ. ಉಪಾಯ ನಮ್ಮ ಮನೆಗಳಿಗೆ ಒಗ್ಗುವುದಿಲ್ಲ. ಮಗುವಿಗೆ ಬೇರೆ ಕೋಣೆಯಿಲ್ಲ, ಇದ್ದರೂ ಎರಡನೆಯ ನಿಮಿಷಕ್ಕೆ ಅಜ್ಜಿ ಎದ್ದು ಬರುತ್ತಾರೆ. ಬರುವುದರಲ್ಲಿ ತಪ್ಪೂ ಇಲ್ಲ. ಸಸಿಮಡಿಯ ಚಪ್ಪರವನ್ನು ನಾವು ಒಮ್ಮೆಗೇ ಕಿತ್ತು ಹಾಕುವುದಿಲ್ಲ. ದಿನದಿನಕ್ಕೆ ಬಿಸಿಲು ಬಿಡುತ್ತೇವೆ. ಹಾಗೆಯೇ ಮೊದಲ ವಾರ ಪೂರ್ತಿ ಮಲಗುವವರೆಗೆ ತೂಗುವ ಬದಲು ಕಣ್ಣು ಕೂಡುವಾಗ ಹಾಸಿಗೆಗೆ ಇಳಿಸಿ ಬೆನ್ನು ತಟ್ಟಿ. ಮುಂದಿನ ವಾರ ತಟ್ಟುವುದನ್ನು ಬಿಟ್ಟು ಕೈ ಇಟ್ಟು ಮಲಗಿ. ಆಮೇಲೆ ಪಕ್ಕದಲ್ಲಿದ್ದರೆ ಸಾಕು. ರಾತ್ರಿ ಎದ್ದಾಗಲೂ ದೀಪ ಹಾಕದೆ, ಮಾತಾಡಿಸದೆ, ಇದನ್ನೇ ಮಾಡಿ. ಒಬ್ಬರು ತೂಗಿ ಒಬ್ಬರು ತಟ್ಟಿದರೆ ಮಾತ್ರ ಫಲವಿಲ್ಲ.

ಇನ್ನು ಯಜಮಾನರ ಕಡೆಗೆ ಬರುತ್ತೇನೆ, ಏಕೆಂದರೆ ತಾಯಿಯೊಬ್ಬಳಿಗೇ ಇಷ್ಟೆಲ್ಲ ಹೇಳಿ ಮುಗಿಸಿದರೆ ಅನ್ಯಾಯ. ಎಂಟಕ್ಕೆ ಮಗುವನ್ನು ಮಲಗಿಸಿ ಎನ್ನುವವರು ಅದೇ ಎಂಟಕ್ಕೆ ಅವಳನ್ನು ಮೆಟ್ಟುಗತ್ತಿಯ ಮುಂದೆ ಕೂರಿಸಬಾರದು. ಆ ಮನೆಯ ಯಜಮಾನರೊಡನೆ ಈ ಮಾತು ತೆಗೆದಾಗ, “ಹಸಿ ಅಡಿಕೆ ಕಾಯ್ತದ್ಯಾ? ಸುಲಿಯೋರು ಹಗಲು ಸಿಗೋದಿಲ್ಲ” ಎಂದರು. ಎರಡೂ ನಿಜ. ಕೆಂಪಡಿಕೆಗೆ ಕೊಯ್ದ ಅಡಿಕೆಯನ್ನು ತಡಮಾಡದೆ ಸುಲಿದು ಬೇಯಿಸಲೇಬೇಕು. ಆದರೆ ಕೊನೆಗೌಡ ಸಿಕ್ಕಿದನೆಂದು ಒಂದೇ ಸಲ ಇಡೀ ತೋಟ ಇಳಿಸಿದರೆ ರಾತ್ರಿಯ ಹೊರೆ ಏರುವುದು ಸಹಜ. ತೋಟವನ್ನು ಪಾಲು ಮಾಡಿ ಕೊಯ್ದರೆ, ಪೂರ್ತಿ ಹಣ್ಣಾಗಲು ಬಿಟ್ಟ ಒಂದು ಪಾಲನ್ನು ಚಾಲಿಗೆ ಹಾಕಿದರೆ, ಸುಲಿತ ಹಂಚಿಹೋಗುತ್ತದೆ. ಚಾಲಿ 35ರಿಂದ 40 ದಿನ ಒಣಗಿದ ಮೇಲೆ ನಿಮ್ಮ ಹಗಲಿನ ಅನುಕೂಲಕ್ಕೆ ಕಾಯುತ್ತದೆ. ಸುಲಿಯುವ ಯಂತ್ರವೂ ಈಗ ಬಂದಿದೆ. ಒಬ್ಬರಿಗೆ ಭಾರವಾದರೆ ನಾಲ್ಕು ಮನೆಯವರು ಕೂಡಿ ತರಬಹುದು.

ರಾತ್ರಿ ಸುಲಿಯಲೇಬೇಕಾದರೆ ಕೆಲಸವನ್ನು ಮಲಗುವ ಕೋಣೆಯಿಂದ ದೂರದ ಕೊಟ್ಟಿಗೆ ಮಾಡಿಗೆ ಸಾಗಿಸಿ. ಅಡಿಕೆ ಬೇಯಿಸುವ ಒಲೆಯ ಹೊಗೆಯೂ ಒಳಗೆ ಬಾರದಿರಲಿ; ಕೆಮ್ಮುವ ಮಗು ಮಲಗುವುದಿಲ್ಲ. ಸುಲಿಯಲು ಬರುವ ಹೆಂಗಸರೂ ಮಕ್ಕಳನ್ನು ಕಟ್ಟಿಕೊಂಡೇ ಬರುತ್ತಾರೆಂಬುದನ್ನು ಮರೆಯಬೇಡಿ. ಸುಲಿದಷ್ಟಕ್ಕೆ ಕೂಲಿ ಎಂದ ಮೇಲೆ ಅವರು ಮಗು ಅತ್ತರೂ ಏಳಲಾರರು. ಒಳಗೊಂದು ಕತ್ತಲೆಯ ಕೋಣೆ, ಕಂಬಳಿ, ಸೊಳ್ಳೆಪರದೆ, ಕಾಯಲು ಒಬ್ಬ ಹಿರಿಯಾಕೆಗೆ ದಿನಗೂಲಿ. ಇಷ್ಟನ್ನು ಸುಗ್ಗಿಯ ಖರ್ಚಿನಲ್ಲಿ ಸೇರಿಸಿದರೆ ಯಜಮಾನರು ಬಡವರಾಗುವುದಿಲ್ಲ. ಮೆಟ್ಟುಗತ್ತಿಗಳ ನಡುವೆ ಮಕ್ಕಳು ಓಡಾಡುವುದೂ ತಪ್ಪುತ್ತದೆ.

ಇಷ್ಟಾದರೂ ಮಗು ಹೊರಳಾಡುತ್ತಿದ್ದರೆ ಕಾರಣ ಮೈಯಲ್ಲಿರಬಹುದು. ರಾತ್ರಿ ಗುದದಲ್ಲಿ ತುರಿಕೆಯೆಂದರೆ ಜಂತುಹುಳು. ಒಂದು ವರ್ಷ ದಾಟಿದವರಿಗೆ ಅಂಗನವಾಡಿಯಲ್ಲಿ ಮಾತ್ರೆ ಕೊಡುತ್ತಾರೆ. ಕಾಲು ಒದೆಯುತ್ತ ಮಲಗುವ ಬಿಳಿಚಿದ ಮಗುವಿಗೆ ಕಬ್ಬಿಣದ ಕೊರತೆ ಇರಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5 ಮಂದಿಗೆ ರಕ್ತಹೀನತೆಯಿತ್ತು. ಆಶಾ ಕಾರ್ಯಕರ್ತೆಯರನ್ನು ಕಬ್ಬಿಣದ ಸಿರಪ್ಪಿಗಾಗಿ ಕೇಳಿ. ಊಟದೊಡನೆ ಕುಡಿಸಿದ ಚಾ ಈ ಕಬ್ಬಿಣ ಮೈಗೆ ಹತ್ತದಂತೆಯೂ ಮಾಡುತ್ತದೆ. ದಿನವೂ ಗೊರಕೆ ಹೊಡೆಯುವ, ಬಾಯಿ ತೆರೆದು ಮಲಗುವ, ನಡುವೆ ಉಸಿರು ನಿಂತಂತಾಗಿ ಬೆಚ್ಚಿ ಏಳುವ ಮಗುವನ್ನು ಸುಗ್ಗಿ ಮುಗಿಯಲೆಂದು ಕಾಯದೆ ತಾಲೂಕು ಆಸ್ಪತ್ರೆಗೆ ತೋರಿಸಿ.