ಅಜ್ಜಿ, ಡಿಮ್ಮರ್ ಮತ್ತು 6500 ಕೆಲ್ವಿನ್

ಈ ಸಲ ಊರಿಗೆ (ಸತ್ತಿ, ಅಥಣಿ ತಾಲ್ಲೂಕು) ಹೋದಾಗ ದೇವರ ಕೋಣೆ ನೋಡಿ ಆಸ್ಪತ್ರೆ ವಾರ್ಡಿಗೆ ಬಂದೆನೇನೋ ಅನ್ನಿಸಿತು. ಪಡಸಾಲೆ, ಅಡುಗೆಮನೆ, ಅಜ್ಜಿ ಮಲಗುವ ಕೋಣೆ... ಎಲ್ಲ ಕಡೆ ಅದೇ ನೀಲಿಬಿಳಿ ಎಲ್‌ಇಡಿ. ರಾತ್ರಿ ಎರಡು ಸಲ ಏಳುವ ಅಜ್ಜಿ "ಲೈಟ್ ಹಚ್ಚಿದ್ರ ಮತ್ತ ನಿದ್ದಿ ಹತ್ತೂದಿಲ್ಲ" ಅಂತ ಕತ್ತಲಲ್ಲೇ ಗೋಡೆ ಹಿಡಿದು ನಡೆಯುತ್ತಾಳೆ. ಅದಕ್ಕೇ ಅಪ್ಪ ಡಿಮ್ಮರ್ ಹಾಕಿಸಿದರು. ತಿರುಗಿಸಿದರೆ ಬಲ್ಬು ಮಿಣಮಿಣ ಮಿಟುಕಿತು, ಹದಿನೈದು ದಿನಕ್ಕೆ ಸತ್ತೇಹೋಯಿತು.

ತಪ್ಪು ಅಪ್ಪನದಲ್ಲ. ಮಾಮೂಲಿ ಡಿಮ್ಮರ್ ಕರೆಂಟಿನ ಪ್ರತಿ ಅಲೆಯಲ್ಲೂ ಒಂದು ತುಂಡು ಕತ್ತರಿಸುತ್ತದೆ. ಹಳೇ ಬಲ್ಬಿನ ತಂತಿ ಕಾದೇ ಇರುವುದರಿಂದ ಅದಕ್ಕೆ ಗೊತ್ತಾಗುವುದಿಲ್ಲ. ಎಲ್‌ಇಡಿ ಒಳಗಿನ ಡ್ರೈವರ್ ಮಾತ್ರ ಕಕ್ಕಾಬಿಕ್ಕಿಯಾಗುತ್ತದೆ. ಡಬ್ಬಿಯ ಮೇಲೆ 'ಡಿಮ್ಮಬಲ್' ಅಂತಿರುವ ಬಲ್ಬು, ಎಲ್‌ಇಡಿಗೆಂದೇ ಮಾಡಿದ ಡಿಮ್ಮರ್, ಎರಡೂ ಬೇಕು. ಇದನ್ನು ಹೇಳದೆ ಮಾರುವುದು ವ್ಯಾಪಾರವಲ್ಲ, ಮೋಸ.

ಆದರೆ ನನ್ನ ಅಸಲಿ ಜಗಳ ಬಣ್ಣದ ಜೊತೆ. ಹಳೇ ಬಲ್ಬು ತಗ್ಗಿಸಿದರೆ ಕೆಂಪಾಗುತ್ತಿತ್ತು, ಸಂಜೆಯಾದ ಹಾಗೆ. ಸಾಮಾನ್ಯ ಎಲ್‌ಇಡಿ ತಗ್ಗಿಸಿದರೂ ಬಣ್ಣ ಅದೇ. 6500 ಕೆಲ್ವಿನ್ ಅಂದರೆ ಮೋಡ ಕವಿದ ಮಧ್ಯಾಹ್ನದ ಬೆಳಕು. ಯಾವ ಡಿಮ್ಮರೂ ಮಧ್ಯಾಹ್ನವನ್ನು ಸಂಜೆ ಮಾಡಲಾರದು. ಮೊದಲು ಬಣ್ಣ ಆರಿಸಿ, ಡಿಮ್ಮರ್ ಆಮೇಲೆ!

ಅಂಗಡಿಯಲ್ಲಿ ಕೇಳಿದರೆ "ಹಳದಿ ಯಾರೂ ಒಯ್ಯೂದಿಲ್ರೀ" ಅಂದರು. ಕಾರಣ ನನಗೂ ಗೊತ್ತು. ವೋಲ್ಟೇಜ್ ಬಿದ್ದಾಗ ಬಲ್ಬಿನ ತಂತಿ ಒಣಮೆಣಸಿನಕಾಯಿ ಹಾಗೆ ಕೆಂಪಗೆ ಕಾಣುತ್ತಿದ್ದ ದಿನಗಳಲ್ಲಿ ಬೆಳೆದವರು ನಾವು. ಹಳದಿ ಅಂದರೆ ಬಡತನ, ಬಿಳಿ ಅಂದರೆ ಫುಲ್ ಕರೆಂಟು! ಆದರೆ ಆ ಲೆಕ್ಕ ಎಲ್‌ಇಡಿಗೆ ನಡೆಯುವುದಿಲ್ಲ. ಬೆಳಕೆಷ್ಟು ಅನ್ನುವುದು ಲ್ಯುಮೆನ್, ಬಣ್ಣ ಯಾವುದು ಅನ್ನುವುದು ಕೆಲ್ವಿನ್. 9 ವ್ಯಾಟಿನ ಹಳದಿಯೂ ಬಿಳಿಯೂ ಕೊಡುವ ಬೆಳಕು ಹೆಚ್ಚುಕಡಿಮೆ ಒಂದೇ.

ಎಲ್‌ಇಡಿ ಬೇಡ ಅನ್ನುತ್ತಿಲ್ಲ ಮಾರಾಯ್ರೇ. 2015ರಲ್ಲಿ ಶುರುವಾದ ಉಜಾಲಾ ಯೋಜನೆಯಿಂದ ಅಗ್ಗದ ಬಲ್ಬು ಹಳ್ಳಿಗೂ ಬಂತು, ಬಿಲ್ಲು ಇಳಿಯಿತು, ಒಳ್ಳೆಯದೇ. ಆದರೆ ಬಿಳಿ ಎಲ್‌ಇಡಿ ಅಂದರೆ ಬಹುಪಾಲು ಹಳದಿ ಲೇಪ ಹಚ್ಚಿದ ನೀಲಿ ಎಲ್‌ಇಡಿಯೇ. ಕೆಲ್ವಿನ್ ಏರಿದಷ್ಟೂ ನೀಲಿ ಜಾಸ್ತಿ, ಮೆದುಳಿಗೆ "ಇನ್ನೂ ಹಗಲೇ" ಅಂತ ಹೇಳುವುದು ಮುಖ್ಯವಾಗಿ ಆ ನೀಲಿಯೇ. ಬೀದಿದೀಪವೂ 3000 ಕೆಲ್ವಿನ್ ಮೀರದಿರಲಿ ಅಂತ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ 2016ರಲ್ಲೇ ಹೇಳಿತು. ನಾವು ಅದರ ಎರಡು ಪಟ್ಟಿಗೂ ಮೀರಿದ್ದನ್ನು ಹಾಸಿಗೆಯ ಮೇಲೆ ತೂಗಿಹಾಕಿದ್ದೇವೆ.

ಓದುವ ಮೇಜಿಗೆ, ಅಡುಗೆಕಟ್ಟೆಗೆ 4000 ಇರಲಿ. ಪಡಸಾಲೆಗೆ, ಮಲಗುವ ಕೋಣೆಗೆ 2700 ಅಥವಾ 3000 ಸಾಕು.

ನಾನು ಡಿಮ್ಮರ್ ಕಿತ್ತುಹಾಕಿ, ಅಜ್ಜಿಯ ಕೋಣೆಯಲ್ಲಿ ನೆಲದ ಹತ್ತಿರ 3 ವ್ಯಾಟಿನ, 2700 ಕೆಲ್ವಿನ್ ಬಲ್ಬು ಹಾಕಿ ಬೇರೆ ಸ್ವಿಚ್ ಕೊಟ್ಟೆ. ಅಜ್ಜಿ ನೋಡಿ, "ಚಿಮಣಿ ಬೆಳಕ ಇದ್ದಂಗ ಐತಿ" ಅಂದಳು. ಆ ರಾತ್ರಿ ಗೋಡೆ ಹಿಡಿಯದೇ ನಡೆದಳು.

ನಿಮ್ಮನೆ ಬಲ್ಬಿನ ಡಬ್ಬಿ ಒಮ್ಮೆ ತಿರುವಿ ನೋಡಿ. ಎಷ್ಟು ಕೆಲ್ವಿನ್? :)